ಹಳೇ ಮ್ಯಾಸಿಗೆ 13.6 ಯಾಕೆ?

ನಮ್ಮ ತಾತನ ಮ್ಯಾಸಿ 1035ಕ್ಕೆ ಮುಂಗಾರಿಗೆ ಮುಂಚೆ ಹಿಂದಿನ ಟೈರು ಹಾಕಿಸಬೇಕು. ಮಾತು ಬಂದರೆ ಸಾಕು, "13.6-28 ಹಾಕ್ಸಿ ಗೌಡ್ರೆ, ಗತ್ತಾಗಿ ಕಾಣತ್ತೆ" ಅನ್ನೋರು ನಾಲ್ಕು ಜನ ಸಿಗ್ತಾರೆ. ನನ್ನ ಪ್ರಕಾರ 12.4-28 ಇದ್ದ ಜಾಗಕ್ಕೆ ಅದನ್ನೇ ಹಾಕಬೇಕು.

12.4 ಅಂದ್ರೆ ಟೈರಿನ ಅಗಲ, 28 ರಿಮ್ಮಿನ ವ್ಯಾಸ, ಎರಡೂ ಇಂಚಲ್ಲಿ. 28 ಒಂದೇ ಆದ್ದರಿಂದ 13.6 ಕೂಡ ಕೂತ್ಕೊಳ್ಳತ್ತೆ. ಆದ್ರೆ ರಿಮ್ಮಿನ ಅಗಲ ಯಾರೂ ಅಳೆಯಲ್ಲ! ಕಿರಿದಾದ ರಿಮ್ಮಿನಲ್ಲಿ ಅಗಲ ಟೈರಿನ ಮೈ ಗುಂಡಗಾಗತ್ತೆ, ನಡುಭಾಗ ಬೇಗ ಸವೆಯತ್ತೆ, ಅಂಚಿನ ಹಲ್ಲುಗಳು ಮಣ್ಣನ್ನ ಸರಿಯಾಗಿ ಹಿಡಿಯಲ್ಲ.

ಟೈರಿನ ಎತ್ತರವೂ ಸುಮಾರು 2 ಇಂಚು ಜಾಸ್ತಿ. ಆಕ್ಸಲ್ಲಿನ ಟಾರ್ಕ್ ಅಷ್ಟೇ ಇದ್ದು ತ್ರಿಜ್ಯ ಹೆಚ್ಚಿದ್ರೆ ಎಳೆಯೋ ಬಲ ಕಮ್ಮಿ, ಶೇ. 4ರ ಹತ್ರ. ಸ್ಪೀಡು ಅಷ್ಟೇ ಹೆಚ್ಚು. ರೋಡಿಗೆ ಖುಷಿ, ನೇಗಿಲಿಗೆ ನಷ್ಟ. (ಪರೀಕ್ಷೇಲಿ ಈ ಲೆಕ್ಕಕ್ಕೆ ಮಾರ್ಕ್ಸ್ ಸಿಗತ್ತೆ, ಊರಲ್ಲಿ ನಗು ಸಿಗತ್ತೆ.) ಕೆಸರು ಗದ್ದೆಯವರಿಗೆ ಅಗಲ ಟೈರು ಉಪಯೋಗ ಹೌದು. ಆದ್ರೆ ತಕ್ಕ ರಿಮ್ಮೂ ಬೇಕು, ಮಡ್ಗಾರ್ಡಿಗೆ ತಾಗದಷ್ಟು ಜಾಗವೂ ಬೇಕು.

ಹಳೇ ಮ್ಯಾನುಯಲ್ಲಲ್ಲಿ 11-28 ಅಂತಿದ್ರೆ ಗಾಬರಿ ಬೇಡ, ಈಗಿನ 12.4-28 ಅದರದ್ದೇ ಹೊಸ ಹೆಸರು. ಮತ್ತೆ, ದುಡ್ಡು ಉಳಿಸೋಕೆ ಒಂದೇ ಟೈರು ತರಬೇಡಿ. ಒಂದು ಹೊಸದು, ಒಂದು ಸವೆದದ್ದು ಇದ್ರೆ ನೇರ ರೋಡಲ್ಲೂ ಡಿಫರೆನ್ಷಿಯಲ್ ಗೇರುಗಳು ಪುರುಸೊತ್ತಿಲ್ಲದೆ ದುಡೀತಾ ಇರತ್ವೆ. ಜೋಡಿಗೆ ದುಡ್ಡಾಗೋವರೆಗೆ ಹಳೇ ಟೈರಲ್ಲೇ ಓಡಿಸೋದು ವಾಸಿ.