ಪೆಟ್ಟಿಗೆ ಚಿಕ್ಕದಿರಲಿ, ಕೈ ಪಳಗಿರಲಿ

ಹೊಸದಾಗಿ ಕಾರು ಕೊಂಡ ನನ್ನ ಹಳೆಯ ವಿದ್ಯಾರ್ಥಿಗಳೂ ಬಂಧುಗಳ ಮಕ್ಕಳೂ ಆಗಾಗ ಕೇಳುವ ಪ್ರಶ್ನೆಯೊಂದಿದೆ: “ಮೇಷ್ಟ್ರೇ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಎಂತಹುದಿದ್ದರೆ ಒಳ್ಳೆಯದು?” ನಾನು ವೈದ್ಯನಲ್ಲ, ಶಾಲೆಯಲ್ಲಿ ಸ್ಕೌಟ್ ದಳವನ್ನು ನೋಡಿಕೊಂಡವನು. ಆ ಸಲುಗೆಯಿಂದ ನನ್ನ ಅಭಿಪ್ರಾಯವನ್ನು ಬರೆಯುತ್ತಿದ್ದೇನೆ.

ಅಂಗಡಿಯ ಪೆಟ್ಟಿಗೆಗಳ ಮೇಲೆ ‘ನೂರು ವಸ್ತುಗಳು’ ಎಂದು ಅಚ್ಚಾಗಿರುತ್ತದೆ. ತೆರೆದು ಎಣಿಸಿದರೆ ಬಹುಪಾಲು ಅಂಟುಪಟ್ಟಿಗಳೇ. ಬೆರಳು ಕೊಯ್ದುಕೊಂಡಾಗ ಅವು ಸಾಕು. ಆದರೆ ರಸ್ತೆ ಅಪಘಾತದಲ್ಲಿ, ಅಥವಾ ತೋಟದಲ್ಲಿ ಕಳೆ ಕತ್ತರಿಸುವ ಯಂತ್ರದ ಅಲಗು ಕಾಲಿಗೆ ತಗುಲಿದಾಗ, ಮೊದಲು ನಿಲ್ಲಿಸಬೇಕಾದದ್ದು ರಕ್ತಸ್ರಾವ. ವಯಸ್ಕರ ದೇಹದಲ್ಲಿರುವ ರಕ್ತ ಸುಮಾರು 5 ಲೀಟರು. ದೊಡ್ಡ ರಕ್ತನಾಳ ತುಂಡಾದರೆ ಕೆಲವೇ ನಿಮಿಷಗಳಲ್ಲಿ ಪ್ರಾಣ ಹೋಗಬಹುದು. 108ಕ್ಕೆ ಕೂಡಲೇ ಕರೆ ಮಾಡಿದರೂ, ಶಿರಾಡಿ, ಚಾರ್ಮಾಡಿಯಂತಹ ಘಟ್ಟದ ತಿರುವುಗಳನ್ನು ಹಾದು ವಾಹನ ಬರುವವರೆಗೆ ಗಾಯಾಳುವಿಗೆ ಪಕ್ಕದಲ್ಲಿರುವವರೇ ದಿಕ್ಕು.

ಆದ್ದರಿಂದ ಅಂಗೈಯಗಲದ ಚೀಲವೊಂದು ಸಾಕು. ಅದರಲ್ಲಿ ಈ ವಸ್ತುಗಳಿರಲಿ: ಎರಡು ಜೊತೆ ಕೈಗವಸು, ಸಾಕಷ್ಟು ಗಾಜ್ ಬಟ್ಟೆ, ಬಿಗಿಯಾಗಿ ಸುತ್ತಬಲ್ಲ ಅಗಲವಾದ ಪಟ್ಟಿ, ತ್ರಿಕೋನಾಕಾರದ ಬಟ್ಟೆ, ಉಡುಪನ್ನು ಕತ್ತರಿಸಬಲ್ಲ ಗಟ್ಟಿ ಕತ್ತರಿ, ಬರೆಯಲು ಪೆನ್ನು, ಮತ್ತು ಒಂದು ಟೂರ್ನಿಕೆಟ್. ಚೀಲವು ಡಿಕ್ಕಿಯಲ್ಲಿ ಸಾಮಾನಿನ ಅಡಿಯಲ್ಲಿರದೆ, ಚಾಲಕನ ಕೈಗೆಟುಕುವಂತಿರಲಿ.

ಟೂರ್ನಿಕೆಟ್ ಸಾಮಾನ್ಯರ ಕೈಗೆ ಸಲ್ಲದೆಂದು ಹಿಂದೆ ಹೇಳುತ್ತಿದ್ದುದುಂಟು. ಇರಾಕ್ ಮತ್ತು ಅಫ್ಘಾನಿಸ್ತಾನದ ಯುದ್ಧಗಳ ಅನುಭವವು ವೈದ್ಯರ ಅಭಿಪ್ರಾಯವನ್ನು ಬದಲಿಸಿತು. 2015ರಲ್ಲಿ ಅಮೆರಿಕದಲ್ಲಿ ಜನಸಾಮಾನ್ಯರಿಗೆ ಇದನ್ನು ಕಲಿಸುವ ಆಂದೋಲನವೇ ಆರಂಭವಾಯಿತು. ಇರಲೇಬೇಕು ಎಂಬುದು ನನ್ನ ಮತ. ಆದರೆ ಕಲಿಯದೆ ಇಟ್ಟುಕೊಂಡರೆ ಪ್ರಯೋಜನವಿಲ್ಲ. ಮೊದಲು ಗಾಯದ ಮೇಲೆ ಬಟ್ಟೆಯಿಟ್ಟು ಎರಡೂ ಕೈಗಳಿಂದ ಬಲವಾಗಿ ಒತ್ತಬೇಕು. ಬಟ್ಟೆ ನೆನೆದರೆ ತೆಗೆಯದೆ, ಅದರ ಮೇಲೆಯೇ ಇನ್ನೊಂದನ್ನು ಇಡಬೇಕು. ಕೈಕಾಲುಗಳ ರಕ್ತಸ್ರಾವ ಹಾಗೂ ನಿಲ್ಲದಿದ್ದರೆ, ಗಾಯಕ್ಕಿಂತ ಎರಡು ಮೂರು ಅಂಗುಲ ಮೇಲೆ, ಕೀಲನ್ನು ಬಿಟ್ಟು ಟೂರ್ನಿಕೆಟ್ ಕಟ್ಟಿ, ರಕ್ತ ನಿಲ್ಲುವವರೆಗೆ ಬಿಗಿಯಬೇಕು. ಕಟ್ಟಿದ ವೇಳೆಯನ್ನು ಬರೆದಿಡಬೇಕು. ವೈದ್ಯರು ನೋಡುವವರೆಗೆ ಸಡಿಲಿಸಬಾರದು. ಅಗ್ಗದ ನಕಲುಗಳಲ್ಲಿ ತಿರುಚುವ ಕಡ್ಡಿಯೇ ಮುರಿಯುವುದುಂಟು; ಇಲ್ಲಿ ಜಿಪುಣತನ ಬೇಡ.

ಊರಿನಲ್ಲಿರುವವರಿಗೆ ಎರಡು ಮಾತು. ಗಾಯಕ್ಕೆ ಅರಿಸಿನ, ಕಾಫಿಪುಡಿ ಮೆತ್ತುವ ವಾಡಿಕೆಯನ್ನು ಬಿಡಿ. ದೊಡ್ಡ ಗಾಯದ ರಕ್ತ ಅದರಿಂದ ನಿಲ್ಲದು, ನಂಜಾಗುವ ಭಯವೂ ಇದೆ. ಹಾವು ಕಚ್ಚಿದಾಗ ಟೂರ್ನಿಕೆಟನ್ನಾಗಲಿ ಹಗ್ಗವನ್ನಾಗಲಿ ಕಟ್ಟಲೇಬಾರದು. ಆ ಅಂಗವನ್ನು ಅಲುಗಿಸದೆ ಆಸ್ಪತ್ರೆಗೆ ಸಾಗಿಸಬೇಕು.

‘ನೆರವಾಗಲು ಹೋಗಿ ಪೊಲೀಸು, ಕೋರ್ಟು ಎಂದು ಅಲೆಯುವವರು ಯಾರು?’ ಎಂಬ ಹಿಂಜರಿಕೆಗೂ ಈಗ ಆಸ್ಪದವಿಲ್ಲ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯು ಅಪಘಾತದಲ್ಲಿ ಸದ್ಭಾವನೆಯಿಂದ ನೆರವಾದವರಿಗೆ ರಕ್ಷಣೆ ನೀಡಿದೆ. ತಮ್ಮ ಹೆಸರು ವಿಳಾಸ ಕೊಡಬೇಕೆಂದು ಅವರನ್ನು ಬಲವಂತಪಡಿಸುವಂತಿಲ್ಲ.

ಬೇಸಗೆಯ ರಜೆಗೆ ಬರುವವರು ನಿಮ್ಮ ಪೆಟ್ಟಿಗೆಯನ್ನೂ ತನ್ನಿ. ಜಗಲಿಯ ಮೇಲೆ ಕುಳಿತು, ಮಕ್ಕಳನ್ನೂ ಸೇರಿಸಿಕೊಂಡು, ಬಟ್ಟೆಯನ್ನು ಸುತ್ತಿ ಬಿಚ್ಚಿ ಅಭ್ಯಾಸ ಮಾಡೋಣ.