ಎಂಜಿನನ್ನು ಬಿಚ್ಚಿ ಅಳೆಯದೆ ತೀರ್ಪು ಕೊಡಬಾರದು

ಏಳೆಂಟು ಲಕ್ಷ ಕಿಲೋಮೀಟರು ಓಡಿದ ಲಾರಿಯೊಂದು ಪುಣೆಯ ದಾರಿಯಲ್ಲಿ ಖಂಬಾಟ್ಕಿ ಘಾಟನ್ನು ಏರುವಾಗ ಹಿಂದಿನಂತೆ ಎಳೆಯದೆ, ಹೊಗೆಯುಗುಳುತ್ತ ತೆವಳತೊಡಗಿತೆಂದರೆ, ಎಂಜಿನನ್ನು ಇಳಿಸಿ ದುರಸ್ತಿ ಮಾಡಿಸುವುದೋ, ಬೇರೆ ಎಂಜಿನನ್ನು ಕೂರಿಸುವುದೋ, ಲಾರಿಯನ್ನೇ ಮಾರಿ ಹೊಸದಕ್ಕೆ ಸಾಲವೆತ್ತುವುದೋ ಎಂಬ ಪ್ರಶ್ನೆ ಮಾಲೀಕನ ಮುಂದೆ ಬಂದು ನಿಲ್ಲುತ್ತದೆ. ಒಂದೇ ಲಾರಿಯನ್ನು ನಂಬಿ ತಾನೇ ಸ್ಟಿಯರಿಂಗ್ ಹಿಡಿಯುವ ಹುಬ್ಬಳ್ಳಿ, ನಿಪ್ಪಾಣಿ, ಬೆಳಗಾವಿಗಳ ಚಾಲಕ-ಮಾಲೀಕರಿಗೆ ಇದು ಮನೆಯ ಅನ್ನದ ಪ್ರಶ್ನೆ. ಇಷ್ಟು ಗುರುತರವಾದ ವಿಷಯವನ್ನು ಮೀಟರಿನ ಅಂಕಿಯಿಂದಲೋ, ದಣಿದ ಮನಸ್ಸಿನ ಬೇಸರದಿಂದಲೋ, ಮಾರಾಟಗಾರನ ಆಶ್ವಾಸನೆಯಿಂದಲೋ ತೀರ್ಮಾನಿಸುವ ರೂಢಿ ಬೆಳೆದುಬಂದಿರುವುದು ಶೋಚನೀಯ. ಬಿಚ್ಚಿ ಅಳೆದ ಮೇಲಲ್ಲದೆ ಎಂಜಿನಿನ ವಿಷಯದಲ್ಲಿ ಯಾವ ತೀರ್ಪೂ ನ್ಯಾಯವಾಗಲಾರದೆಂಬುದು ನನ್ನ ದೃಢವಾದ ಅಭಿಪ್ರಾಯ.

ಈ ಅಭಿಪ್ರಾಯಕ್ಕೆ ಪುಣೆಯ ಖಡಕಿಗಿಂತ ಉತ್ತಮವಾದ ಸಾಕ್ಷಿ ದೊರೆಯುವುದು ಕಷ್ಟ. ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಜನಿಸಿ, ಬೆಳಗಾವಿಯಲ್ಲಿ ಸೈಕಲ್ ಅಂಗಡಿಯೊಂದರಿಂದ ಉದ್ಯಮವನ್ನಾರಂಭಿಸಿದ ಲಕ್ಷ್ಮಣರಾವ್ ಕಿರ್ಲೋಸ್ಕರರ ಮನೆತನವು 1946ರಲ್ಲಿ ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್ ಸಂಸ್ಥೆಯನ್ನು ಸ್ಥಾಪಿಸಿದುದು ಇದೇ ಖಡಕಿಯಲ್ಲಿ. ಅಲ್ಲಿಂದ ಹೊರಟು ನಮ್ಮ ಹೊಲಗಳಿಗೆ ಬಂದವು ಬಾವಿಯ ನೀರೆತ್ತುವ ಎಂಜಿನುಗಳೇ ಹೊರತು ಲಾರಿಯವಲ್ಲ, ನಿಜ. ಆದರೆ ತಂದೆ ಕೊಂಡ ಎಂಜಿನನ್ನು ಮಗನೂ ನಡೆಸುವಂತಾದುದು, ಸವೆದ ಲೈನರು ಪಿಸ್ಟನ್ನುಗಳನ್ನು ತೆಗೆದು ಹೊಸವನ್ನು ಹಾಕಲು ಅನುಕೂಲವಾಗುವಂತೆ ಅವು ನಿರ್ಮಿತವಾಗಿದ್ದುದರಿಂದ. ಇದೇ ಖಡಕಿಯಲ್ಲಿ ಸೈನ್ಯದ 512ನೆಯ ಬೇಸ್ ವರ್ಕ್‌ಶಾಪೂ ಇದೆ. ಸೈನ್ಯದ ಯಂತ್ರಗಳನ್ನು ದುರಸ್ತಿ ಮಾಡುವ, 1943ರಲ್ಲಿ ರೂಪುಗೊಂಡ ಇ.ಎಂ.ಇ. ದಳಕ್ಕೆ ಸೇರಿದ ಇಂಥ ಕಾರ್ಯಾಗಾರಗಳಲ್ಲಿ ಓವರ್‌ಹಾಲ್ ಎಂದರೆ ಕೆಟ್ಟ ಒಂದು ಭಾಗವನ್ನು ಬದಲಿಸಿ ಕಳುಹಿಸುವುದಲ್ಲ; ಯಂತ್ರವನ್ನು ಸಂಪೂರ್ಣವಾಗಿ ಬಿಚ್ಚಿ, ತೊಳೆದು, ಪ್ರತಿಯೊಂದು ಅಂಗವನ್ನೂ ಪರೀಕ್ಷಿಸಿ, ಮಿತಿಯೊಳಗಿರುವುದನ್ನು ಉಳಿಸಿ, ಮಿತಿ ಮೀರಿದುದನ್ನು ನಿರ್ದಾಕ್ಷಿಣ್ಯವಾಗಿ ತ್ಯಜಿಸಿ, ಮತ್ತೆ ಕಟ್ಟಿ, ಓಡಿಸಿ ನೋಡಿದ ಮೇಲೆಯೇ ಹೊರಬಿಡುವುದು. ಯುದ್ಧವಾಹನಕ್ಕೆ ಸಲ್ಲುವ ಈ ಶಿಸ್ತು ಸಕ್ಕರೆ, ಸಿಮೆಂಟು, ಈರುಳ್ಳಿಗಳನ್ನು ಹೊತ್ತು ದೇಶಕ್ಕೆ ಉಣಬಡಿಸುವ ಲಾರಿಗೆ ಏಕೆ ಸಲ್ಲಬಾರದು?

ಕಿಲೋಮೀಟರಿನ ಅಂಕಿ ತನ್ನಷ್ಟಕ್ಕೆ ಏನನ್ನೂ ಹೇಳುವುದಿಲ್ಲ. ಸಮತಟ್ಟಾದ ಹೆದ್ದಾರಿಯಲ್ಲಿ ಒಂದೇ ವೇಗದಿಂದ ಎಂಟು ಲಕ್ಷ ಓಡಿದ ಎಂಜಿನು, ಕಲ್ಲುಕ್ವಾರಿಯ ಧೂಳಿನಲ್ಲಿ ಮೂರು ಲಕ್ಷ ಓಡಿದ ಟಿಪ್ಪರಿನ ಎಂಜಿನಿಗಿಂತ ಸುಸ್ಥಿತಿಯಲ್ಲಿರಬಹುದು. ಏಕೆಂದರೆ ಏರ್ ಫಿಲ್ಟರನ್ನು ತಪ್ಪಿಸಿಕೊಂಡು ಒಳನುಗ್ಗುವ ನುಣ್ಣನೆಯ ಧೂಳಿನಷ್ಟು ಶೀಘ್ರವಾಗಿ ರಿಂಗನ್ನೂ ಲೈನರನ್ನೂ ಸವೆಸುವ ಶತ್ರು ಬೇರೊಂದಿಲ್ಲ. ಹೊಗೆಯನ್ನು ಕಂಡಕೂಡಲೇ ಎಂಜಿನು ಬೋರಿಗೆ ಬಂದಿದೆ ಎಂದು ಸಾರುವುದೂ ಅವಿವೇಕ. ಕಪ್ಪು ಹೊಗೆ ಬಂದರೆ ನೋಝಲ್, ಪಂಪು, ಮುಚ್ಚಿಹೋದ ಫಿಲ್ಟರು ಇವುಗಳನ್ನು ಮೊದಲು ನೋಡಬೇಕು. ನೀಲಿ ಹೊಗೆ ಆಯಿಲು ಉರಿಯುತ್ತಿರುವುದರ ಸೂಚನೆಯಾದರೂ, ಆ ಆಯಿಲು ಟರ್ಬೊ ಸೀಲಿನಿಂದ ಸೋರುತ್ತಿರಬಹುದು. ಬಿಳಿಯ ಹೊಗೆ ನಿಲ್ಲದೆ ಬರುತ್ತ ರೇಡಿಯೇಟರಿನ ನೀರು ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ಟಿನ ಕಡೆಗೆ ದೃಷ್ಟಿ ಹೋಗಬೇಕು. ಎಂಜಿನು ಚಾಲನೆಯಲ್ಲಿರುವಾಗ ಆಯಿಲಿನ ಮುಚ್ಚಳವನ್ನು ತೆಗೆದರೆ ಬಿಸಿ ಹಬೆ ರಭಸದಿಂದ ಮುಖಕ್ಕೆ ರಾಚುವುದು, ಗ್ಯಾರೇಜಿನವರು ಬ್ಯಾಕ್ ಕಂಪ್ರೆಷನ್ ಎನ್ನುವುದು, ಕಾಣಿಸಿಕೊಂಡು, ಜೊತೆಗೆ ಬಿಸಿಯಾದ ಎಂಜಿನಿನ ಆಯಿಲ್ ಪ್ರೆಶರು ಕುಸಿದಾಗ ಮಾತ್ರ ಎಂಜಿನನ್ನು ಇಳಿಸುವ ಮಾತಿಗೆ ಅರ್ಥವುಂಟು.

ಇಳಿಸಿದ ಮೇಲೆ ನಿಜವಾದ ವಿಚಾರಣೆ ಆರಂಭವಾಗುತ್ತದೆ. ಹೆಡ್ಡನ್ನು ತೆಗೆದು ಲೈನರಿನ ಮೇಲಂಚಿನ ಒಳಗೆ ಬೆರಳಾಡಿಸಿದರೆ, ಮೇಲಿನ ರಿಂಗು ಬಂದು ಹಿಂದಿರುಗುವ ಜಾಗದಲ್ಲಿ ಉಗುರಿಗೆ ತಡೆಯುವ ಸಣ್ಣ ಮೆಟ್ಟಿಲೊಂದು ಸಿಕ್ಕುತ್ತದೆ. ಆ ಮೆಟ್ಟಿಲೇ ಸವೆತದ ಮೊದಲ ಲೇಖ. ಆದರೆ ಉಗುರಿನ ಸಾಕ್ಷ್ಯ ಸಾಲದು. ಬೋರ್ ಗೇಜನ್ನು ಮೇಲೆ, ನಡುವೆ, ಕೆಳಗೆ, ಉದ್ದಕ್ಕೊಮ್ಮೆ ಅಡ್ಡಕ್ಕೊಮ್ಮೆ ಹಿಡಿದು, ಲೈನರು ಎಷ್ಟು ಅಂಡಾಕಾರಕ್ಕೆ ತಿರುಗಿದೆ, ಎಷ್ಟು ಓರೆಯಾಗಿದೆ ಎಂದು ಬರೆದುಕೊಳ್ಳಬೇಕು. ಕ್ರ್ಯಾಂಕಿನ ಜರ್ನಲುಗಳನ್ನು ಮೈಕ್ರೋಮೀಟರಿನಿಂದ ಅಳೆಯಬೇಕು. ಕಾಲು ಮಿಲಿಮೀಟರಿನ ಹಂತಗಳಲ್ಲಿ ಅದನ್ನು ಗ್ರೈಂಡ್ ಮಾಡಿ ಅಂಡರ್‌ಸೈಜ್ ಬೇರಿಂಗನ್ನು ಹಾಕಬಹುದಾದರೂ, ತಯಾರಕರು ಗೊತ್ತುಪಡಿಸಿದ ಕಡೆಯ ಹಂತ ಮುಗಿದಿದ್ದರೆ ಆ ಕ್ರ್ಯಾಂಕಿಗೆ ಆಯುಷ್ಯವಿಲ್ಲ. ಬ್ಲಾಕು ಬಿರುಕುಬಿಟ್ಟಿಲ್ಲ, ಕ್ರ್ಯಾಂಕಿನಲ್ಲಿ ಇನ್ನೂ ಅವಕಾಶವಿದೆ ಎಂಬ ಎರಡು ಮಾತು ಸ್ಥಿರಪಟ್ಟರೆ ನಾನು ನಿಸ್ಸಂಕೋಚವಾಗಿ ದುರಸ್ತಿಯ ಪಕ್ಷ.

ದುರಸ್ತಿ ಎಂದರೆ ಪೂರ್ಣ ದುರಸ್ತಿ. ಹಾಫ್ ಎಂಜಿನ್ ಎಂಬ ಹೆಸರಿನಲ್ಲಿ, ಓರೆಯಾದ ಹಳೆಯ ಲೈನರಿನೊಳಗೆ ಹೊಸ ರಿಂಗುಗಳನ್ನು ತೂರಿಸಿ, ಕ್ರ್ಯಾಂಕನ್ನು ಅಳೆಯದೆಯೇ ಬೇರಿಂಗು ಬದಲಿಸಿ ಕಳುಹಿಸುವ ಕ್ರಮವು ಬಡ ಮಾಲೀಕನಿಗೆ ಅಗ್ಗವಾಗಿ ಕಂಡರೂ, ರಿಂಗು ಕೂರದೆ ಕೆಲವೇ ತಿಂಗಳಲ್ಲಿ ಮತ್ತೆ ಆಯಿಲು ಕುಡಿಯತೊಡಗಿ, ಎರಡನೆಯ ಸಲ ಎಂಜಿನನ್ನು ಇಳಿಸುವ ದುರ್ದೆಸೆಯನ್ನು ತರುತ್ತದೆ. ಎಂಜಿನು ಏಕೆ ಕೆಟ್ಟಿತೆಂಬುದನ್ನು ಕಂಡುಹಿಡಿಯದೆ ಕಟ್ಟಿದ ಹೊಸ ಎಂಜಿನಿಗೂ ಇದೇ ಗತಿ. ಕಟ್ಟಿಕೊಂಡ ರೇಡಿಯೇಟರು, ಹರಿದ ಏರ್ ಹೋಸು ಹಾಗೆಯೇ ಉಳಿದರೆ ಲಕ್ಷಗಟ್ಟಲೆ ಹಣ ಹೊಗೆಯಲ್ಲಿ ಹೋದಂತೆ.

ಇನ್ನು ಮುಂದೂಡುವ ಚಟ. ವರ್ಷಕ್ಕೆ 80,000 ಕಿಲೋಮೀಟರು ಓಡುವ, ಲೀಟರಿಗೆ ನಾಲ್ಕು ಕಿಲೋಮೀಟರು ಕೊಡುವ ಲಾರಿಯನ್ನು ತೆಗೆದುಕೊಳ್ಳೋಣ. ಅದು ವರ್ಷಕ್ಕೆ 20,000 ಲೀಟರು ಡೀಸೆಲ್ ಉರಿಸುತ್ತದೆ. ಸವೆತದಿಂದ ನೂರಕ್ಕೆ ಐದರಷ್ಟು ಹೆಚ್ಚು ಉರಿದರೂ 1,000 ಲೀಟರು. ಲೀಟರಿಗೆ 90 ರೂಪಾಯಿಯಂತೆ 90,000 ರೂಪಾಯಿ. ನಿಧಾನವಾಗಿ ಸೋರಿಹೋಗುವ ಈ ಹಣ ಲೆಕ್ಕದ ಪುಸ್ತಕದಲ್ಲಿ ಕಾಣುವುದಿಲ್ಲವಾದ್ದರಿಂದಲೇ ದುರಸ್ತಿಯ ಬಿಲ್ಲು ಭಯಂಕರವಾಗಿ ತೋರುತ್ತದೆ.

ಬದಲಾಯಿಸಲೇಬೇಕಾದ ಸಂದರ್ಭಗಳಿಲ್ಲವೆಂದು ನಾನು ಹೇಳುವುದಿಲ್ಲ. ಕನೆಕ್ಟಿಂಗ್ ರಾಡು ಮುರಿದು ಬ್ಲಾಕನ್ನು ಒಡೆದು ಹೊರಬಂದಿದ್ದರೆ ಚರ್ಚೆಗೆ ಎಡೆಯೇ ಇಲ್ಲ. ಆಗ ಟಾಟಾದವರ ಪ್ರೋಲೈಫಿನಂತಹ ಯೋಜನೆಗಳಲ್ಲಿ ಹಳೆಯದನ್ನು ಕೊಟ್ಟು ಕಾರ್ಖಾನೆಯ ರೀಕಂಡಿಷನ್ ಎಂಜಿನನ್ನು ಪಡೆಯುವುದು ಲೇಸು. ಗುಜರಿಯಿಂದ ಮೂಲ ತಿಳಿಯದ ಎಂಜಿನನ್ನು ತಂದು ಕೂರಿಸುವವರು, ಆರ್.ಸಿ.ಯಲ್ಲಿ ಎಂಜಿನ್ ನಂಬರು ನಮೂದಾಗಿರುತ್ತದೆಂಬುದನ್ನು ಮರೆಯಬಾರದು. ಚಾಸಿಯೇ ತುಕ್ಕು ಹಿಡಿದು ಬಿರಿದಿರುವ ಲಾರಿಗೆ ಒಳ್ಳೆಯ ಎಂಜಿನನ್ನು ಕಟ್ಟುವುದೂ ವ್ಯರ್ಥ. ಅದಲ್ಲದೆ, ಎಷ್ಟೇ ನಿಷ್ಠೆಯಿಂದ ಕಟ್ಟಿದರೂ ಹಳೆಯ ಬಿ.ಎಸ್. 3ರ ಎಂಜಿನು, 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿ.ಎಸ್. 6ರ ಎಂಜಿನಾಗಲಾರದು. ನಗರದ ಮಕ್ಕಳ ಶ್ವಾಸಕೋಶಗಳ ದೃಷ್ಟಿಯಿಂದ ನೋಡಿದರೆ, ಅತಿ ಹಳೆಯ ಲಾರಿಗಳು ಪೇಟೆಯೊಳಗಿಂದ ಕ್ರಮೇಣ ನಿರ್ಗಮಿಸುವುದು ಯುಕ್ತವೇ.

ಆದರೆ ಸರ್ಕಾರದ ತಕ್ಕಡಿ ಇಂದು ಒಂದೇ ಕಡೆಗೆ ವಾಲಿದೆ. 2021ರ ಆಗಸ್ಟ್ 13ರಂದು ವಾಹನ ಗುಜರಿ ನೀತಿ ಉದ್ಘಾಟನೆಗೊಂಡಿತು. 15 ವರ್ಷ ಮೀರಿದ ಭಾರಿ ವಾಹನದ ಫಿಟ್‌ನೆಸ್ ಸರ್ಟಿಫಿಕೇಟಿನ (ಎಫ್.ಸಿ.) ನವೀಕರಣದ ಶುಲ್ಕ 2022ರ ಏಪ್ರಿಲಿನಿಂದ 12,500 ರೂಪಾಯಿಗೆ ಏರಿತು. 2025ರ ಸೆಪ್ಟೆಂಬರಿನಲ್ಲಿ ಹೊಸ ಲಾರಿಯ ಮೇಲಿನ ಜಿ.ಎಸ್.ಟಿ. ಶೇಕಡ 28ರಿಂದ 18ಕ್ಕೆ ಇಳಿಯಿತು. ಹೊಸದನ್ನು ಕೊಳ್ಳುವವನಿಗೆ ಉತ್ತೇಜನ ದೊರೆಯಿತು, ಸಂತೋಷ. ಹಳೆಯದನ್ನು ವಿಧಿವತ್ತಾಗಿ ಜೀರ್ಣೋದ್ಧಾರ ಮಾಡಿಸಿ, ಹೊಗೆಯನ್ನು ಕಡಿಮೆ ಮಾಡಿದವನಿಗೆ ದೊರೆತುದೇನು? ಹಳೆಯ ಲಾರಿ ಎಂಬ ಒಂದೇ ಪಟ್ಟಿಯಲ್ಲಿ, ಕೆಟ್ಟ ಎಂಜಿನಿನವನ ಜೊತೆಗೇ ಅವನ ಹೆಸರೂ ಸೇರಿತು. ಕಂತು ಕಟ್ಟಲಾರದೆ ಹೊಸ ಲಾರಿಯನ್ನು ಕಳೆದುಕೊಂಡವನು ಮತ್ತೊಬ್ಬರ ಲಾರಿಗೆ ಸಂಬಳದ ಚಾಲಕನಾಗುವುದನ್ನು ನಾವು ಪ್ರಗತಿಯೆಂದು ಕರೆಯಬೇಕೇ?

ಬೆಳಗಾವಿಯ ಉದ್ಯಮಬಾಗದಿಂದ ಹಿಡಿದು ಪುಣೆಯವರೆಗೆ ಈ ಹೆದ್ದಾರಿಯುದ್ದಕ್ಕೂ ಕೈಗೆ ಹತ್ತಿದ ವಿದ್ಯೆಯಿದೆ, ಯಂತ್ರಗಳೂ ಇವೆ. ಇಲ್ಲದಿರುವುದು ಕಾಗದ. ಎಂಜಿನನ್ನು ಕಟ್ಟಿಕೊಡುವ ಪ್ರತಿಯೊಂದು ಗ್ಯಾರೇಜೂ ಲೈನರಿನ ಅಳತೆ, ಕ್ರ್ಯಾಂಕಿನ ಅಳತೆ, ಹಾಕಿದ ಭಾಗಗಳ ನಂಬರು, ಓಡಿಸಿ ನೋಡಿದಾಗಿನ ಆಯಿಲ್ ಪ್ರೆಶರು ಇವುಗಳನ್ನು ಬರೆದು ರುಜು ಹಾಕಿದ ಅಳತೆ-ಪತ್ರವೊಂದನ್ನು ಮಾಲೀಕನಿಗೆ ಕೊಡುವಂತೆ ಸಾರಿಗೆ ಇಲಾಖೆ ನಿಯಮ ಮಾಡಬೇಕು, ಎಫ್.ಸಿ.ಗೆ ಹೋದಾಗ ಆ ಪತ್ರಕ್ಕೂ ಹೊಗೆಯ ಪರೀಕ್ಷೆಗೂ ಹೊಂದಿಕೆಯಾದರೆ ಶುಲ್ಕದಲ್ಲಿ ರಿಯಾಯಿತಿ ಸಲ್ಲಬೇಕು. ಮತ್ತು ಹೊಸ ಲಾರಿಗೆ ಒಂದೇ ವಾರದಲ್ಲಿ ಸಾಲ ಮಂಜೂರು ಮಾಡುವ ಬ್ಯಾಂಕುಗಳು, ಅದೇ ಅಳತೆ-ಪತ್ರವನ್ನು ಆಧಾರವಾಗಿಟ್ಟುಕೊಂಡು ಎಂಜಿನ್ ದುರಸ್ತಿಗೂ ಎರಡು ವರ್ಷದ ಕಂತಿನ ಸಾಲವನ್ನು ಕೊಡಬೇಕು.