ಬಿತ್ತನೆ ದುಡ್ಡು ಬ್ಯಾಗಿಗೆ ಹೋಯಿತು

ರೋಹಿಣಿ ಮಳೆ ಹೊತ್ತಿಗೆ ನಮ್ಮ ಹಾರನಹಳ್ಳಿ ಕಡೆ ಎರಡು ಸದ್ದು ಒಟ್ಟಿಗೇ ಕೇಳುತ್ತವೆ. ಒಂದು ಹೊಲ ಉಳುವ ಟ್ರ್ಯಾಕ್ಟರಿನದು. ಇನ್ನೊಂದು ಮೈಕು ಕಟ್ಟಿಕೊಂಡು ಊರೊಳಗೆ ಬರುವ ಆಟೋದ್ದು. ಬ್ಯಾಗು ಕೊಂಡರೆ ಟಿಫಿನ್ ಬಾಕ್ಸ್ ಉಚಿತ, ಶೂ ಕೊಂಡರೆ ಸಾಕ್ಸ್ ಉಚಿತ, ಕೆಲವೇ ದಿನ ಮಾತ್ರ ಅಂತ ಕೂಗಿಕೊಂಡು ಹೋಗುತ್ತದೆ. ಟ್ರ್ಯಾಕ್ಟರಿನವನಿಗೂ ದುಡ್ಡು ಬೇಕು, ಆಟೋ ಕರೆಯುವ ಅಂಗಡಿಗೂ ದುಡ್ಡು ಬೇಕು. ನಮ್ಮ ಜೇಬು ಮಾತ್ರ ಒಂದೇ.

ಶಾಲೆ ಶುರುವಾಗುವುದು ಮೇ ಕೊನೆಗೆ, ಇಲ್ಲವೇ ಜೂನ್ ಮೊದಲಿಗೆ. ಖುಷ್ಕಿ ಬೇಸಾಯದ ನಮಗೆ ರಾಗಿ ದುಡ್ಡು ಕೈ ಸೇರುವುದು ಸಂಕ್ರಾಂತಿ ಕಳೆದ ಮೇಲೆ. ಜೂನ್ ಹೊತ್ತಿಗೆ ಅದು ಕರಗಿರುತ್ತದೆ. ಮುಂಗಾರಿಗೆ ಮೊದಲು ಹಾಕಿದ ಹೆಸರು, ಅಲಸಂದೆ ಇನ್ನೂ ಹೊಲದಲ್ಲೇ ಇರುತ್ತದೆ. ಇರೋ ಚೂರುಪಾರು ಉಳುಮೆಗೆ, ಗೊಬ್ಬರಕ್ಕೆ, ರಾಗಿ ಬೀಜಕ್ಕೆ ಅಂತ ತೆಗೆದಿಟ್ಟದ್ದು. ವರ್ಷದಲ್ಲಿ ನಮ್ಮ ಕೈ ಅತಿ ಬಿಗಿಯಾಗಿರುವ ತಿಂಗಳಲ್ಲೇ ಅಂಗಡಿಯವರ ದೊಡ್ಡ ಸುಗ್ಗಿ ಬರುತ್ತದೆ.

ಸಂಬಳದವರ ಮಾತು ಬೇರೆ. ನಮ್ಮೂರ ಹುಡುಗರು, ಹೆಣ್ಣುಮಕ್ಕಳು ಬೆಂಗಳೂರಲ್ಲಿ ಗಾರ್ಮೆಂಟ್ಸಿಗೆ ಹೋಗುತ್ತಾರೆ. ಅವರಿಗೆ ಸಂಬಳ ಬರುವ ವಾರಕ್ಕೇ ದೊಡ್ಡ ಅಂಗಡಿಗಳು ರಿಯಾಯಿತಿ ಹಾಕುತ್ತವೆ, ಮೊಬೈಲಿಗೆ ಮೆಸೇಜು ಕಳಿಸುತ್ತವೆ, ಕಂತಿನಲ್ಲಿ ಕೊಡುತ್ತೇವೆ ಅನ್ನುತ್ತವೆ. ನಮಗೆ ತಿಂಗಳ ಸಂಬಳ ಇಲ್ಲ. ನಮಗೆ ಹಾಕುವ ಬಲೆಯೇ ಬೇರೆ. "ದುಡ್ಡಿನ ಯೋಚನೆ ಬೇಡ ಯಜಮಾನ್ರೆ, ಕೊಬ್ಬರಿ ಕೊಟ್ಟಾಗ ಕೊಡೀರಂತೆ, ಬರ್ಕೊಂಡಿರ್ತೀನಿ" ಅನ್ನುವ ಮಾತೇ ಆ ಬಲೆ.

2023ರ ಜೂನ್‌ನಲ್ಲಿ ನಾನೇ ಬಿದ್ದೆ. ಆ ವರ್ಷ ತಿಪಟೂರು ಮಾರುಕಟ್ಟೆಯಲ್ಲಿ ಕೊಬ್ಬರಿ ನೆಲ ಕಚ್ಚಿತ್ತು. ಉಂಡೆ ಕೊಬ್ಬರಿಗೆ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ಅಂತ ಇದ್ದರೂ ಹೊರಗೆ ಅಷ್ಟು ಕೊಡುವವರಿರಲಿಲ್ಲ. (2025ರಲ್ಲಿ ಬೆಲೆ ಮುಗಿಲಿಗೆ ಹೋಯಿತು, ನನ್ನ ಮರದಲ್ಲಿ ಕಾಯಿ ಇರಲಿಲ್ಲ. ಅದು ಬೇರೆ ಕಥೆ.) ಗೊಬ್ಬರಕ್ಕೆ ಅಂತ ಇಟ್ಟುಕೊಂಡ ದುಡ್ಡು ಜೇಬಲ್ಲಿತ್ತು. ಸೊಸೆ, ಮೊಮ್ಮಗ, ಮೊಮ್ಮಗಳು ಜೊತೆಗೆ ಅರಸೀಕೆರೆಗೆ ಬಂದರು. ಮೊಮ್ಮಗ ಕಾನ್ವೆಂಟಿನಲ್ಲಿ ಎರಡನೇ ಕ್ಲಾಸು. ಮೊಮ್ಮಗಳು ಸರ್ಕಾರಿ ಶಾಲೆಯಲ್ಲಿ ಐದನೇದು. ಹೀಗೇಕೆ ಅಂತ ಕೇಳಬೇಡಿ, ನಿಮ್ಮ ಮನೆಗಳಲ್ಲೂ ಹೀಗೇ ಇರುತ್ತದೆ.

ಕಾನ್ವೆಂಟಿನವರು ಇಂಥ ಅಂಗಡಿಗೇ ಹೋಗಿ ಅಂದಿದ್ದರು. ಯಾವ ಕ್ಲಾಸು ಅಂತ ಹೇಳಿದ ಕೂಡಲೇ ಅಂಗಡಿಯವನು ಒಂದು ಕಟ್ಟು ತಂದಿಟ್ಟ. ಅದಕ್ಕೆ ಕಿಟ್ ಅನ್ನುತ್ತಾರೆ, ಬಿಡಿಸಿ ಕೊಡುವುದಿಲ್ಲ. ಶಾಲೆ ಹೆಸರು ಅಚ್ಚು ಹಾಕಿದ ನೋಟ್‌ಬುಕ್ಕು 14, ಒಂದಕ್ಕೆ 80ರಂತೆ 1,120 ರೂಪಾಯಿ. ಎರಡು ಜೊತೆ ಯೂನಿಫಾರಂ 1,900. ಕಪ್ಪು ಶೂ 999, ಬಿಳಿ ಶೂ 699. ಒಂದು ರೂಪಾಯಿ ಕಡಿಮೆ ಬರೆಯುವ ಈ ಬಾಟಾ ರೇಟು ನಮ್ಮಪ್ಪನ ಕಾಲದಿಂದ ನೋಡುತ್ತಾ ಇದ್ದೇವೆ, ಆದರೂ ಸಾವಿರದೊಳಗೇ ಆಯಿತಲ್ಲ ಅಂತ ಮನಸ್ಸು ಅನ್ನುತ್ತದೆ. ಟೈ, ಬೆಲ್ಟು, ಸಾಕ್ಸು 350. ಬ್ಯಾಗು ಕಿಟ್ಟಿಗೆ ಸೇರಿರಲಿಲ್ಲ. ಗೊಂಬೆ ಚಿತ್ರದ ಬ್ಯಾಗುಗಳನ್ನು ದೊಡ್ಡವರ ಕಣ್ಣಿಗೆ ಬೀಳದ ಹಾಗೆ ಕೆಳಗಿನ ಸಾಲಿನಲ್ಲಿ, ಮಗುವಿನ ಎದೆ ಮಟ್ಟಕ್ಕೆ ನೇತು ಹಾಕಿದ್ದರು. ಹುಡುಗ ಹಿಡಿದುಕೊಂಡವನು ಬಿಡಲಿಲ್ಲ. 850. ಟಿಫಿನ್ ಬಾಕ್ಸ್ ಉಚಿತ.

ಒಟ್ಟು 5,918 ರೂಪಾಯಿ. ಡಿಎಪಿ ಮೂಟೆಗೆ 1,350. ನಾಲ್ಕು ಮೂಟೆ ತಂದು ಮೇಲೆ ಐನೂರು ಉಳಿಯುತ್ತಿತ್ತು. ಫೀಜು, ಪಠ್ಯಪುಸ್ತಕ ಇದರಲ್ಲಿ ಇಲ್ಲ.

ಮೊಮ್ಮಗಳಿಗೆ ಏನೂ ಬೇಕಿರಲಿಲ್ಲ. ಸರ್ಕಾರಿ ಶಾಲೆಯಲ್ಲಿ ಪುಸ್ತಕ, ಸಮವಸ್ತ್ರ ಕೊಡುತ್ತಾರೆ. 2015-16ರಿಂದ ಶೂ, ಸಾಕ್ಸೂ ಕೊಡುತ್ತಿದ್ದಾರೆ. ಅವಳು ತಮ್ಮನ ಟಿಫಿನ್ ಬಾಕ್ಸ್ ಹಿಡಿದುಕೊಂಡು ಅಂಗಡಿ ಬಾಗಿಲಲ್ಲಿ ನಿಂತಿದ್ದಳು. ಬಸ್ ಸ್ಟ್ಯಾಂಡಿಗೆ ಬಂದ ಮೇಲೆ ನೆನಪಾಗಿ ಅವಳಿಗೆ ನಾಲ್ಕು ನೋಟ್‌ಬುಕ್ಕು ತೆಗೆದೆ.

ಗೊಬ್ಬರ ಸಾಲದಲ್ಲಿ ತಂದೆ, ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿ. ಆ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾಯಿತು. ನನ್ನ ರಾಗಿಯೂ ತೆನೆ ಕಟ್ಟಲಿಲ್ಲ, ಹುಲ್ಲು ಮಾತ್ರ ಸಿಕ್ಕಿತು. ಕೊನೆಗೆ ಎರಡು ಟಗರು ಮಾರಿ ಸಾಲ ತೀರಿಸಿದೆ.

ಮನೆಗೆ ಬಂದು ಕಾಯಿ ತೂಗುವ ತಕ್ಕಡಿಗೆ ಆ ಬ್ಯಾಗು ಹಾಕಿ ನೋಡಿದೆ. ಪುಸ್ತಕ ಎಲ್ಲಾ ತುಂಬಿದರೆ ನಾಲ್ಕು ಕಿಲೋ ದಾಟಿತು. ಒಂದು, ಎರಡನೇ ಕ್ಲಾಸಿನ ಮಕ್ಕಳ ಬ್ಯಾಗು ಎರಡು ಕಿಲೋ ಮೀರಬಾರದು ಅಂತ ಸರ್ಕಾರ 2019ರಲ್ಲೇ ಆದೇಶ ಮಾಡಿದೆ. ಹದಿನಾಲ್ಕು ನೋಟ್‌ಬುಕ್ಕು ಆ ವಯಸ್ಸಿನ ಹುಡುಗನಿಗೆ ಯಾಕೆ ಬೇಕು? ವರ್ಷದ ಕೊನೆಗೆ ನೋಡಿದರೆ ಐದು ಪುಸ್ತಕದಲ್ಲಿ ಹತ್ತು ಹಾಳೆಯೂ ಬರೆದಿರಲಿಲ್ಲ.

ಈ ಮಾತು ಮನೆಯಲ್ಲಿ ಎತ್ತಿದಾಗ ಸೊಸೆ ಅಂದಳು: "ಮಾವ, ಎಲ್ಲರೂ ಹೊಸದು ಹಾಕ್ಕೊಂಡು ಬಂದಾಗ ನಮ್ಮ ಹುಡುಗ ಒಬ್ಬನೇ ಹಳೇದರಲ್ಲಿ ಹೋದರೆ ನಗಲ್ವಾ?" ನನಗೆ ಉತ್ತರ ಹೊಳೆಯಲಿಲ್ಲ. ನಾನು ಏಳನೇ ಕ್ಲಾಸಿನವರೆಗೆ ಹೊತ್ತದ್ದು ಗೊಬ್ಬರದ ಚೀಲ ಕತ್ತರಿಸಿ ನಮ್ಮಮ್ಮ ಹೊಲಿದ ಬ್ಯಾಗು. ಅದರ ಮೇಲಿದ್ದ ಯೂರಿಯಾ ಅನ್ನೋ ಅಕ್ಷರವೇ ನನಗೆ ಅಡ್ಡಹೆಸರಾಗಿತ್ತು. ಸೊಸೆ ಹೇಳುವುದು ಸುಳ್ಳಲ್ಲ. ಅಂಗಡಿಯವರು ಮಾರುವುದೂ ಬ್ಯಾಗನ್ನಲ್ಲ, ನಮ್ಮ ಈ ಅಂಜಿಕೆಯನ್ನು. ಹಾಗಂತ ಮಗುವಿಗೆ ಕೊಡಿಸಬಾರದು ಅನ್ನುವ ವಾದ ನನ್ನದಲ್ಲ. ಯಾವಾಗ, ಎಲ್ಲಿ, ಎಷ್ಟು ಕೊಳ್ಳಬೇಕು ಅನ್ನುವುದು ನಮ್ಮ ಕೈಯಲ್ಲಿರಬೇಕು ಅನ್ನುವುದಷ್ಟೇ ನನ್ನ ತಕರಾರು.

ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲದ ಒಂದು ಕಾನೂನಿದೆ. 2022ರಲ್ಲಿ ಸಮವಸ್ತ್ರದ ಮೊಕದ್ದಮೆ ಹೈಕೋರ್ಟಿನಲ್ಲಿ ನಡೆದಾಗ ಇದರ ಪ್ರಸ್ತಾಪ ಬಂದಿತ್ತು. ಶಿಕ್ಷಣ ಸಂಸ್ಥೆಗಳಿಗೆ ರಾಜ್ಯ ಸರ್ಕಾರ 1995ರಲ್ಲಿ ಮಾಡಿದ ನಿಯಮಗಳಲ್ಲಿ 11ನೆಯದು. ಶಾಲೆ ಒಮ್ಮೆ ಸಮವಸ್ತ್ರ ಗೊತ್ತು ಮಾಡಿದರೆ ಐದು ವರ್ಷ ಬದಲಿಸುವ ಹಾಗಿಲ್ಲ. ಬದಲಿಸುವುದಾದರೆ ಒಂದು ವರ್ಷ ಮುಂಚೆ ಪೋಷಕರಿಗೆ ನೋಟೀಸು ಕೊಡಬೇಕು. ಬಟ್ಟೆಯನ್ನಾಗಲಿ ಪಠ್ಯಪುಸ್ತಕವನ್ನಾಗಲಿ ಶಾಲೆಯಲ್ಲೋ, ಶಾಲೆ ಹೇಳಿದ ಅಂಗಡಿಯಲ್ಲೋ ಕೊಳ್ಳುವುದು, ಶಾಲೆ ಹೇಳಿದ ದರ್ಜಿ ಹತ್ತಿರ ಹೊಲಿಸುವುದು ಪೋಷಕರ ಇಷ್ಟ. ಬಲವಂತ ಮಾಡುವ ಹಾಗಿಲ್ಲ. ಇದು ಗೊತ್ತಿದ್ದಿದ್ದರೆ ಆ ದಿನ ಕಟ್ಟು ಬಿಚ್ಚಿಸಿಯೇ ಬರುತ್ತಿದ್ದೆ.

2024ರಿಂದ ನಾವು ಐದು ಮನೆಯವರು ಸೇರಿ ಬೇರೆ ದಾರಿ ಹಿಡಿದಿದ್ದೇವೆ. ರಾಗಿ ದುಡ್ಡು ಬಂದ ಫೆಬ್ರವರಿಯಲ್ಲೇ ನೋಟ್‌ಬುಕ್ಕು ತರುವುದು. ಬೆಂಗಳೂರಲ್ಲಿ ಕೆಲಸಕ್ಕಿರುವ ನಮ್ಮೂರ ಹುಡುಗ ಅವೆನ್ಯೂ ರಸ್ತೆಯಲ್ಲಿ ಡಜನ್ ಲೆಕ್ಕದಲ್ಲಿ ಕೊಂಡು ರೈಲಿಗೆ ಹಾಕಿಕೊಂಡು ಬಂದ. ಒಂದಕ್ಕೆ 38 ರೂಪಾಯಿ ಬಿತ್ತು. ಬೈಂಡ್ ಹಾಕಿ ಲೇಬಲ್ ಅಂಟಿಸಿದರೆ ರಟ್ಟಿನ ಮೇಲೆ ಶಾಲೆ ಹೆಸರಿದೆಯೋ ಇಲ್ಲವೋ ಯಾರೂ ನೋಡುವುದಿಲ್ಲ, ಇದುವರೆಗೂ ಯಾವ ಟೀಚರೂ ಕೇಳಿಲ್ಲ. ಕೊಳ್ಳುವಾಗ ಪುಟ ಎಷ್ಟು ಅಂತ ರಟ್ಟಿನ ಮೇಲೆ ಓದಿಕೊಳ್ಳಿ. ಇನ್ನೂರು ಪುಟದ್ದು ಅಂತ ಕೇಳಿದರೆ 172 ಪುಟದ್ದು ಕೊಟ್ಟಿರುತ್ತಾರೆ. 2025ರ ಸೆಪ್ಟೆಂಬರ್ 22ರಿಂದ ನೋಟ್‌ಬುಕ್ಕು, ಪೆನ್ಸಿಲ್, ರಬ್ಬರಿಗೆ ಜಿಎಸ್‌ಟಿ ಇಲ್ಲ. ಮೊದಲು ನೋಟ್‌ಬುಕ್ಕಿಗೆ ಶೇ. 12 ಇತ್ತು. ಅದು ಬೆಲೆಯಲ್ಲಿ ಇಳಿದಿದೆಯಾ ಅಂತ ಕೇಳಿ ತೆಗೆದುಕೊಳ್ಳಿ.

ಒಂದು ತಪ್ಪೂ ಮಾಡಿದೆವು. ಮೊದಲ ವರ್ಷ ಕಟ್ಟನ್ನು ಅಟ್ಟದ ಮೇಲೆ ರಾಗಿ ಮೂಟೆ ಪಕ್ಕ ಇಟ್ಟು ಒಂದು ಡಜನ್ ಇಲಿಗೆ ಕೊಟ್ಟೆವು. ಈಗ ತಗಡಿನ ಟ್ರಂಕಿನಲ್ಲಿಡುತ್ತೇವೆ. ಯೂನಿಫಾರಂ ಬಟ್ಟೆ ಬೇರೆ ತಂದು ಊರಿನ ದರ್ಜಿ ಹತ್ತಿರ ಎರಡು ಇಂಚು ಮಡಿಕೆ ಬಿಟ್ಟು ಹೊಲಿಸಿದರೆ ಎರಡು ವರ್ಷ ಬರುತ್ತದೆ. ಹಳೇ ಪಠ್ಯಪುಸ್ತಕ ಅರ್ಧ ಬೆಲೆಗೆ ಕೈ ಬದಲಾಯಿಸಬಹುದು. ಆದರೆ ಕನ್ನಡ, ಸಮಾಜದ ಪುಸ್ತಕಗಳಲ್ಲಿ 2022ರಲ್ಲೂ 2023ರಲ್ಲೂ ಪಾಠ ಬದಲಾದವು, ಅವನ್ನು ಮಾತ್ರ ಟೀಚರಿಗೆ ತೋರಿಸಿ ಕೊಳ್ಳಬೇಕು. ಬ್ಯಾಗು ಹೊಸದೇ ತರುತ್ತೇವೆ, ಮೂರು ವರ್ಷಕ್ಕೊಮ್ಮೆ. ಮೊಮ್ಮಗಳಿಗೂ.

ಈಗ ಮೊಮ್ಮಗನ ಶಾಲೆಯಲ್ಲಿ ಯೂನಿಫಾರಂ ಬಣ್ಣ ಬದಲಾಗುತ್ತದಂತೆ ಅನ್ನುವ ಸುದ್ದಿ ಹಬ್ಬಿದೆ. ನೋಟೀಸು ಯಾರಿಗೂ ಬಂದಿಲ್ಲ. ನಾವು ಹನ್ನೊಂದು ಜನ ಪೋಷಕರು 11ನೇ ನಿಯಮ ಬರೆದು ಸಹಿ ಹಾಕಿ ಅರ್ಜಿ ಕೊಟ್ಟಿದ್ದೇವೆ, ಒಂದು ಪ್ರತಿ ಬಿಇಓ ಕಚೇರಿಗೂ ಕೊಟ್ಟು ಸೀಲು ಹಾಕಿಸಿಕೊಂಡಿದ್ದೇವೆ. ಉತ್ತರ ಬಂದ ಮೇಲೆ ಬರೆಯುತ್ತೇನೆ.